ಹೆಪ್ಪು ಕೇಳುವ ನೆಪ

"ನಿನ್ನೆ ಎಂತ ಆಯ್ತೇ? ಶಕುಂತಲಾ ಸಿಕ್ಕಿಬಿದ್ದಳಾ?"

ದಾಸವಾಳದ ಬೇಲಿಯಾಚೆಯಿಂದ ಹೀಗೊಂದು ಪ್ರಶ್ನೆ ತೂರಿ ಬಂದರೆ ಯಾರೂ ಗಾಬರಿಯಾಗಬೇಕಿಲ್ಲ. ಶಕುಂತಲಾ ನಮ್ಮೂರಿನವಳಲ್ಲ. ಜೀ ಕನ್ನಡದಲ್ಲಿ 2023ರಲ್ಲಿ ಶುರುವಾದ ‘ಅಮೃತಧಾರೆ’ಯ ಮಲತಾಯಿ. ಮಗ ಗೌತಮ್ ದಿವಾನ್ ಅವಳನ್ನು ದೇವರ ಪಕ್ಕ ಕೂರಿಸಿಕೊಂಡಿದ್ದಾನೆ, ಅವಳು ಒಳಗೊಳಗೇ ಅವನ ಬುಡಕ್ಕೆ ಬಿಸಿನೀರು ಹೊಯ್ಯುತ್ತಿದ್ದಾಳೆ. ಈ ಸಂಗತಿ ನೋಡುವ ನಮಗೆಲ್ಲ ಗೊತ್ತು. ಗೊತ್ತಿಲ್ಲದಿರುವುದು ಆ ಮನೆಯವರಿಗೆ ಮಾತ್ರ.

ಪ್ರಶ್ನೆ ಕೇಳಿದವರು ಮೇಲಿನಮನೆ ಅಕ್ಕ. ಕೊಪ್ಪದ ಕಡೆ ಮಳೆಗಾಲದಲ್ಲಿ ಸೀರಿಯಲ್ ನೋಡುವುದೆಂದರೆ ಒಬ್ಬರಿಂದ ಆಗುವ ಕೆಲಸವಲ್ಲ. ರಾತ್ರಿ ಏಳರಿಂದ ಹತ್ತರ ನಡುವೆ ಕರೆಂಟಿದ್ದರೆ ಡಿಶ್ಶಿಗೆ ಸಿಗ್ನಲ್ ಇರುವುದಿಲ್ಲ, ಸಿಗ್ನಲ್ ಇದ್ದರೆ ಕರೆಂಟಿರುವುದಿಲ್ಲ. ಗುಡುಗು ಶುರುವಾಯಿತೆಂದರೆ ಎರಡೂ ಇದ್ದರೂ ಪ್ಲಗ್ಗು ಕಿತ್ತಿಡಬೇಕು. ಇಲ್ಲದಿದ್ದರೆ ಸೆಟ್‌ಟಾಪ್ ಬಾಕ್ಸಿನ ಆಸೆ ಬಿಡಬೇಕು. ಮೇಲಿನಮನೆಯಲ್ಲಿ ಇನ್ವರ್ಟರ್ ಇದೆ, ಆದರೆ ಡಿಶ್ಶಿನ ಮುಂದೆ ಒಂದು ಹಲಸಿನ ಮರವೂ ಇದೆ. ನಮ್ಮ ಡಿಶ್ಶಿಗೆ ಆಕಾಶ ಚೆನ್ನಾಗಿ ಕಾಣುತ್ತದೆ, ಇನ್ವರ್ಟರ್ ಇಲ್ಲ. ಹಾಗಾಗಿ ಒಂದು ಕಂತಿನ ಅರ್ಧ ಅವರಿಗೆ, ಅರ್ಧ ನಮಗೆ. ಬೆಳಿಗ್ಗೆ ಹೂ ಕೊಯ್ಯುವ ಹೊತ್ತಿಗೆ ಬೇಲಿಯ ಹತ್ತಿರ ಎರಡೂ ಅರ್ಧ ಸೇರಿಸಿಕೊಂಡು ಪೂರ್ತಿ ಮಾಡಿಕೊಳ್ಳುತ್ತೇವೆ. ಇಬ್ಬರೂ ನೋಡದ ಭಾಗವಿದ್ದರೆ ಅದನ್ನು ಅಕ್ಕ ತಾವೇ ಕಟ್ಟುತ್ತಾರೆ. ಚಾನೆಲಿನವರು ಕಟ್ಟಿದ್ದಕ್ಕಿಂತ ಅದೇ ಚೆನ್ನಾಗಿರುತ್ತದೆ.

"ಸಿಕ್ಕಿಬೀಳಲಿಲ್ಲ ಅಕ್ಕ. ಸಿಕ್ಕಿಬೀಳೋ ಹೊತ್ತಿಗೆ ಯಾರೋ ಕಾಲಿಂಗ್ ಬೆಲ್ ಒತ್ತಿದ್ರು."

"ಒತ್ತದೇ ಇರ್ತಾರಾ? ಇನ್ನೂ ನೂರು ಕಂತು ಆಗ್ಬೇಕಲ್ಲ."

ಟಿ.ವಿ. ನಮ್ಮ ಕಡೆ ಹೊಸತಾಗಿ ಬಂದಾಗ ಈ ತಾಪತ್ರಯ ಇನ್ನೊಂದು ಬಗೆಯದು. ಮನೆಗಳೆಲ್ಲ ಕಣಿವೆಯಲ್ಲಿ, ತೋಟದ ತಲೆಗೆ. ಆಂಟೆನಾವನ್ನು ಹಿಂದಿನ ಗುಡ್ಡದ ನೆತ್ತಿಯಲ್ಲಿ ನಿಲ್ಲಿಸಿ ಮನೆಯವರೆಗೆ ವೈರು ಎಳೆಯಬೇಕಿತ್ತು. ಗುಡ್ಡದ ಮೇಲೊಬ್ಬ ತಿರುಗಿಸುವವ, ನಡುದಾರಿಯಲ್ಲೊಬ್ಬ ಕೂಗುವವ, ಟಿ.ವಿ. ಮುಂದೊಬ್ಬ "ಬಂತು, ಬಂತು, ಹೋಯ್ತು" ಎನ್ನುವವ. ಮಂಗ ಬಂದು ಆಂಟೆನಾದ ಮೇಲೆ ಕೂತರೆ ಮತ್ತೆ ಮೊದಲಿನಿಂದ. ಅಷ್ಟು ಕಷ್ಟಪಟ್ಟು ನೋಡುತ್ತಿದ್ದ ಕಾಲದಲ್ಲಿ ಬಂದದ್ದು 1998ರ ‘ಮಾಯಾಮೃಗ’, ಚಂದನ ವಾಹಿನಿಯಲ್ಲಿ. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಮಾಡಿದ್ದು. ಅದು ಬರುವ ಹೊತ್ತಿಗೆ ತೋಟದಲ್ಲಿದ್ದ ಗಂಡಸರೂ ಏನೋ ಮರೆತವರ ಹಾಗೆ ಮನೆಗೆ ಬರುತ್ತಿದ್ದರು. ಆಮೇಲೆ ಈಟಿವಿ ಬಂತು, ವೈಶಾಲಿ ಕಾಸರವಳ್ಳಿಯವರ ‘ಮೂಡಲಮನೆ’ ಬಂತು, ಗಿರೀಶ ಕಾಸರವಳ್ಳಿಯವರು ಭೈರಪ್ಪನವರ ‘ಗೃಹಭಂಗ’ವನ್ನು ಧಾರಾವಾಹಿ ಮಾಡಿದರು. ‘ಗೃಹಭಂಗ’ದ ಮನೆಯಲ್ಲಿ ಗುಟ್ಟು ಎಂಬ ಪದಾರ್ಥವೇ ಇರಲಿಲ್ಲ. ಅತ್ತೆ ಗಂಗಮ್ಮ ಬಾಯಿ ತೆಗೆದರೆ ಊರಿಗೆಲ್ಲ ಕೇಳುತ್ತಿತ್ತು. ಮನೆ ಮುರಿದದ್ದು ಹಗಲು ಹೊತ್ತಿನಲ್ಲಿ, ಬೀದಿಯವರ ಕಣ್ಣೆದುರಿಗೆ.

ಈಗಿನವು ಹಾಗಲ್ಲ. ಮನೆ ನೋಡಿದರೆ ಅರಮನೆ. ನಡುಮನೆಯಿಂದ ಮಾಳಿಗೆಗೆ ಎರಡು ಕಡೆಯಿಂದ ಮೆಟ್ಟಿಲು. ಬೆಳಿಗ್ಗೆ ಆರಕ್ಕೇ ಎಲ್ಲರೂ ಒಡವೆ ಹಾಕಿಕೊಂಡು ತಿಂಡಿಗೆ ಕೂತಿರುತ್ತಾರೆ. ಗೋಡೆಯ ಮೇಲೆ ಇಡೀ ಕುಟುಂಬ ನಗುತ್ತಿರುವ ದೊಡ್ಡ ಪಟ. ಆ ಪಟ ಕಂಡಿತೆಂದರೆ ಅಕ್ಕ ಹೇಳುತ್ತಾರೆ: "ಇದ್ರಲ್ಲಿ ಒಬ್ಳು ವಿಷ ಹಾಕ್ತಾಳೆ, ಒಬ್ಬ ಈ ಮನೆಯವನೇ ಅಲ್ಲ, ಒಬ್ಳು ಸತ್ತಿದಾಳೆ ಅಂದ್ಕೊಂಡಿದಾರೆ, ಸತ್ತಿಲ್ಲ." ಒಂದು ಸಲವೂ ಈ ಲೆಕ್ಕ ತಪ್ಪಿದ್ದಿಲ್ಲ. ಹೆತ್ತ ತಾಯಿ ಎಲ್ಲೋ ಬದುಕಿರುತ್ತಾಳೆ, ಸಾಕಿದ ತಾಯಿಯ ಕೈಯಲ್ಲಿ ಬೀಗದ ಕೈ ಗೊಂಚಲಿರುತ್ತದೆ. ‘ಅಗ್ನಿಸಾಕ್ಷಿ’ ಮುಂದೆ ಕಲರ್ಸ್ ಆದ ಈಟಿವಿಯಲ್ಲಿ 2013ರ ಡಿಸೆಂಬರಿನಲ್ಲಿ ಶುರುವಾಗಿ 2020ರ ಜನವರಿಯಲ್ಲಿ ಮುಗಿಯಿತು. ಚಂದ್ರಿಕಾ ಎಂಬವಳು ಅಷ್ಟು ವರ್ಷ ಅದೇ ಮನೆಯಲ್ಲಿ ಓಡಾಡಿಕೊಂಡು, ಎದುರಿಗೆ ಬೆಲ್ಲ ಹಿಂದಿನಿಂದ ಬೆಂಕಿ ಆಗಿದ್ದಳು. ಶುರುವಾದಾಗ ಕಂಕುಳಲ್ಲಿದ್ದ ನಮ್ಮೂರ ಮಕ್ಕಳು ಮುಗಿಯುವ ಹೊತ್ತಿಗೆ ಮಗ್ಗಿ ಹೇಳುತ್ತಿದ್ದವು.

ಇದು ನಮ್ಮವರು ಕಂಡುಹಿಡಿದ ವ್ಯಾಪಾರವೂ ಅಲ್ಲ. ಅಮೆರಿಕದಲ್ಲಿ ‘ಡಲ್ಲಾಸ್’ ಎಂಬ ಧಾರಾವಾಹಿ ಇತ್ತು. ಟೆಕ್ಸಾಸಿನ ಎಣ್ಣೆಬಾವಿಯ ಸಾಹುಕಾರರ ಮನೆ, ಒಳಗೆಲ್ಲ ಹುಳುಕು. 1980ರ ಮಾರ್ಚಿನಲ್ಲಿ ಮನೆಯ ಹಿರಿಮಗ ಜೆ.ಆರ್.ಗೆ ಯಾರೋ ಗುಂಡು ಹೊಡೆದರು. ಹೊಡೆದವರು ಯಾರೆಂದು ಹೇಳಿದ್ದು ನವೆಂಬರಿನಲ್ಲಿ. ಎಂಟು ತಿಂಗಳು ಇಡೀ ದೇಶ ತಲೆ ಕೆಡಿಸಿಕೊಂಡು ಕೂತಿತ್ತು. ಈ ಕಥೆ ಹೇಳಿದಾಗ ಅಕ್ಕ ಹೂಬುಟ್ಟಿ ಕೆಳಗಿಟ್ಟು ಕೇಳಿದರು: "ಅವನ ಹೆಂಡ್ತಿಗೆ ತಂಗಿ ಇದ್ಲಾ?"

"ಇದ್ಲು."

"ಅವ್ಳೇ."

ಅವಳೇ ಹೌದು. ಬೇಲಿಯ ಹತ್ತಿರ ಅರ್ಧ ನಿಮಿಷದ ಕೆಲಸ.

ನನ್ನ ತಂಗಿಯನ್ನು ಕೊಟ್ಟಿರುವುದು ಎನ್.ಆರ್.ಪುರದ ಕಡೆ. ಅಲ್ಲಿ ಕೇರಳದಿಂದ ಬಂದು ನೆಲೆಯಾದ ಕ್ರೈಸ್ತ ಕುಟುಂಬಗಳು ಬೇಕಾದಷ್ಟಿವೆ, ರಬ್ಬರ್ ತೋಟಗಳಿವೆ. ಅವಳ ಬೇಲಿಯಾಚೆ ಒಬ್ಬ ಚೇಚಿ ಇದ್ದಾರೆ. ಅವರು ಮಲಯಾಳಂ ಸೀರಿಯಲ್ ನೋಡುತ್ತಾರೆ, ತಂಗಿ ಕನ್ನಡದ್ದು. ಬೆಳಿಗ್ಗೆ ಇಬ್ಬರೂ ಕಥೆ ಹೇಳಿಕೊಂಡರೆ ಹೆಸರು ಬಿಟ್ಟು ಮಿಕ್ಕದ್ದೆಲ್ಲ ಒಂದೇ. ಅಲ್ಲಿಯೂ ಮಹಡಿ ಮೆಟ್ಟಿಲು, ಅಲ್ಲಿಯೂ ನಗುವ ಪಟ. ಒಂದೇ ಒಂದು ವ್ಯತ್ಯಾಸವೆಂದರೆ ಚೇಚಿಯ ಮನೆಯಲ್ಲಿ ನಸುಕಿಗೇ ರಬ್ಬರ್ ಟ್ಯಾಪಿಂಗಿಗೆ ಏಳಬೇಕು. ಹಾಗಾಗಿ ಒಂಬತ್ತರ ಮೇಲೆ ಬರುವ ಗುಟ್ಟುಗಳು ಅವರಿಗೆ ಸಿಕ್ಕುವುದಿಲ್ಲ.

ಹೋದ ವರ್ಷ ಅಡಿಕೆ ಸುಲಿತದ ಕಾಲದಲ್ಲಿ ಅಕ್ಕ ಒಂದು ಮಾತು ಹೇಳಿದರು. ಅದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಸುಲಿತದ ದಿನಗಳಲ್ಲಿ ಮುಂಚೆ ರಾತ್ರಿ ಹತ್ತು ಹನ್ನೊಂದರವರೆಗೂ ಜಗಲಿ ತುಂಬ ಜನ ಇರುತ್ತಿದ್ದರು. ಅವರವರ ಮೆಟ್ಟುಗತ್ತಿ ಅವರವರೇ ತರುತ್ತಿದ್ದರು, ಸುಲಿದಷ್ಟಕ್ಕೆ ಲೆಕ್ಕ. ನಿದ್ದೆ ಬಾರದಿರಲೆಂದು ಟಿ.ವಿ.ಯನ್ನು ಒಳಗಿನಿಂದ ಜಗಲಿಗೆ ತಂದಿಡುವುದು ವಾಡಿಕೆ. ಟಿ.ವಿ.ಯಲ್ಲಿ ಒಂದು ಮನೆಯ ಕಥೆ ಓಡುತ್ತಿದ್ದರೆ ಸುಲಿಯುವವರ ಬಾಯಲ್ಲಿ ಹತ್ತು ಮನೆಯದು ಓಡುತ್ತಿತ್ತು. ಯಾರ ಮನೆ ಹುಡುಗಿ ನೋಡಲು ಬಂದವರು ಹಿಂದಿರುಗಿ ಪತ್ತೆ ಇಲ್ಲ, ಯಾರ ಮನೆ ಮಗ ಬೆಂಗಳೂರಲ್ಲಿ ಕೆಲಸ ಬಿಟ್ಟು ಇನ್ನೂ ಮನೆಗೆ ಹೇಳಿಲ್ಲ, ಎಲ್ಲವೂ ಅಡಿಕೆ ರಾಶಿಯ ಜೊತೆಗೇ ಬೀಳುತ್ತಿದ್ದವು. ಈಗ ಸುಲಿಯುವ ಯಂತ್ರ ಬಂದಿದೆ. ಅದರ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಆದರೂ ಹಸ, ಬೆಟ್ಟೆ ಎಂದು ಬಗೆ ಆರಿಸಲು ಕೆಲವರು ಕೂರುತ್ತಾರೆ. ಹಾಗೆ ಕೂತಿದ್ದ ರಾತ್ರಿ ಅಕ್ಕ ಟಿ.ವಿ.ಯ ಬಂಗಲೆಯನ್ನೇ ದಿಟ್ಟಿಸಿ ನೋಡಿ ಹೇಳಿದರು:

"ಅಲ್ಲ ಮಾರಾಯ್ತಿ, ಈ ಮನೆಗೆ ಪಕ್ಕದ ಮನೆಯೇ ಇಲ್ವಲ್ಲೇ!"

ನಿಜ. ಇಷ್ಟು ವರ್ಷ ನೋಡಿದ್ದೇನೆ, ನನಗೆ ಹೊಳೆದಿರಲಿಲ್ಲ. ಗೇಟು ಇದೆ, ಗೇಟಿನೊಳಗೆ ಕಾರು ಬರುತ್ತದೆ. ಗೇಟಿನಾಚೆ ಏನಿದೆ ಎಂದು ಯಾರಾದರೂ ಕಂಡಿದ್ದೀರಾ? ಬೇಲಿ ಇಲ್ಲ. ಬೇಲಿಯಾಚೆ ಬಟ್ಟೆ ಒಣಹಾಕುವವಳಿಲ್ಲ. ಹಾಲು ತರುವವನು, ಪೇಪರಿನವನು, ಗ್ಯಾಸಿನವನು ಯಾರೂ ಇಲ್ಲ. ಕೆಲಸದವಳಿದ್ದರೂ ಅವಳಿಗೆ ಮನೆಯಿಲ್ಲ, ಸಂಜೆ ಹೋಗಿ ಕೂತು ಮಾತಾಡುವ ಜಾಗವಿಲ್ಲ. ಹೀಗಿರುವಾಗ ಗುಟ್ಟು ಆರುನೂರು ಕಂತು ಉಳಿಯದೆ ಇನ್ನೇನು?

ನಮ್ಮ ಕಡೆ ಹೆಚ್ಚಿನಂಶ ಮನೆಯಿಂದ ಮನೆಗೆ ಒಂದು ಗುಡ್ಡ ದೂರ. ಹೊರಗಿನವರಿಗೆ ಒಂಟಿಮನೆ ಕಂಡರೆ ಇಲ್ಲಿ ಏನು ನಡೆದರೂ ಯಾರಿಗೂ ಗೊತ್ತಾಗದು ಅನ್ನಿಸುತ್ತದೆ. ಆದರೆ ಆ ಗುಡ್ಡವನ್ನು ಹತ್ತಿ ಇಳಿಯುವವರು ಎಷ್ಟು ಜನ! ಬೆಳಿಗ್ಗೆ ಹಾಲು ಹಾಕಲು ಹೋಗುವವರು, ಸೊಸೈಟಿಗೆ ಹೋಗುವವರು, ಕೊನೆ ತೆಗೆಯುವವರು, ಆಶಾ ಕಾರ್ಯಕರ್ತೆ, ಮದುವೆಮನೆಯ ಅಡುಗೆಯವರು. ಅವರೆಲ್ಲರ ಮೇಲೆ ಬಸ್ಸು. ಕೊಪ್ಪದಲ್ಲಿ ಶಂಕರ್ ಟ್ರಾನ್ಸ್‌ಪೋರ್ಟ್ ಕಂಪನಿ ಮುಚ್ಚಿದಾಗ ಅದರ ಕೆಲಸಗಾರರೇ ಸೇರಿ 1991ರಲ್ಲಿ ‘ಸಹಕಾರ ಸಾರಿಗೆ’ ಕಟ್ಟಿದರಲ್ಲ, ಆ ಬಸ್ಸುಗಳು ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರೂ ತಾಲ್ಲೂಕಿನ ಮೂಲೆಮೂಲೆಗೆ ಹೋಗುತ್ತಿದ್ದವು. ಕಂಡಕ್ಟರಿಗೆ ಯಾವ ಸ್ಟಾಪಿನಲ್ಲಿ ಯಾರು ಹತ್ತುತ್ತಾರೆ, ಎಷ್ಟು ಚೀಲದೊಡನೆ ಹತ್ತುತ್ತಾರೆ, ತವರಿಗೆ ಹೋದ ಸೊಸೆ ಯಾಕೆ ಇನ್ನೂ ಬಂದಿಲ್ಲ ಎಲ್ಲ ಗೊತ್ತಿತ್ತು. ಶೃಂಗೇರಿಯಲ್ಲಿ ಹತ್ತಿದ ಸುದ್ದಿ ಹರಿಹರಪುರ ದಾಟಿ ಕೊಪ್ಪದಲ್ಲಿ ಇಳಿಯುವ ಹೊತ್ತಿಗೆ ಕೈಕಾಲು ಬಂದು ಮದುವೆಗೆ ತಯಾರಾಗಿರುತ್ತಿತ್ತು. 2020ರ ಫೆಬ್ರವರಿಯಲ್ಲಿ ಆ ಸಂಸ್ಥೆಯ ಬಸ್ಸುಗಳು ನಿಂತವು. ಮುಂದಿನ ತಿಂಗಳೇ ಲಾಕ್‌ಡೌನ್. ಬಸ್ಸೂ ಇಲ್ಲ, ಸೀರಿಯಲ್ಲುಗಳ ಶೂಟಿಂಗೂ ಇಲ್ಲ, ಹಳೇ ಕಂತುಗಳನ್ನೇ ಮತ್ತೆ ಹಾಕಿದರು. ಸೀತಾರಾಮರ ‘ಮಗಳು ಜಾನಕಿ’ ಆ ವರ್ಷ ನಡುವೆಯೇ ನಿಂತುಹೋಯಿತು. ಅಕ್ಕನ ಪಾಲಿಗೆ ಅಷ್ಟು ಕೆಟ್ಟ ಬೇಸಿಗೆ ಇನ್ನೊಂದಿಲ್ಲ. ಊರಿನ ಕಥೆಯೂ ಬಂದ್, ಟಿ.ವಿ. ಕಥೆಯೂ ಬಂದ್.

ಹಾಗೆ ನೋಡಿದರೆ ಒಳ್ಳೇ ಮನೆಯ ಒಳಗುಟ್ಟಿನ ಕಥೆಗೆ ನಮ್ಮ ಈ ಮೂಲೆಯೇ ತವರು. ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರುಮನೆಯಲ್ಲಿ, 1904ರ ಡಿಸೆಂಬರ್ 29ರಂದು. 1936ರಲ್ಲಿ ಅವರ ‘ಕಾನೂರು ಹೆಗ್ಗಡಿತಿ’ ಬಂತು. ಹೊರಗೆ ಹೆಗ್ಗಡೆ ಮನೆತನದ ದರ್ಪ. ಒಳಗೆ ಚಂದ್ರಯ್ಯಗೌಡರ ಮೂರನೆಯ ಮದುವೆ, ಅನುಮಾನ, ಮನೆ ಪಾಲಾಗುವ ಸಂಕಟ. ಗಿರೀಶ ಕಾರ್ನಾಡರು ಅದನ್ನು 1999ರಲ್ಲಿ ಸಿನಿಮಾ ಮಾಡಿ ತಾವೇ ಹೆಗ್ಗಡೆಯಾದರು. ಆ ಕಾದಂಬರಿಯ ಮನೆ ಘಟ್ಟದ ನಡುವಿನ ಒಂಟಿಮನೆಯೇ. ಆದರೆ ಅಲ್ಲಿ ಆಳುಗಳ ಬಿಡಾರವಿದೆ, ನೆಂಟರ ಮನೆಗಳಿವೆ, ಕಳ್ಳಂಗಡಿ ಇದೆ. ಗೌಡರ ಮನೆಯಲ್ಲಿ ಪಾತ್ರೆ ಬಿದ್ದರೆ ಅದರ ಸದ್ದು ಎಲ್ಲಿಗೆ ಮುಟ್ಟಬೇಕೋ ಅಲ್ಲಿಗೆ ಮುಟ್ಟುತ್ತದೆ.

ಶೃಂಗೇರಿಯ ಕಡೆಗೆ ಇನ್ನೂ ದೊಡ್ಡ ಲೆಕ್ಕವಿದೆ. ಅನಂತಮೂರ್ತಿಯವರ ‘ಸಂಸ್ಕಾರ’ ಸಿನಿಮಾ ಆದಾಗ ಚಿತ್ರೀಕರಣ ನಡೆದದ್ದು ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ. ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಪ್ರಾಣೇಶಾಚಾರ್ಯ ಕಾರ್ನಾಡ್, ಚಂದ್ರಿ ಸ್ನೇಹಲತಾ ರೆಡ್ಡಿ, ಆಚಾರ ಬಿಟ್ಟು ಬದುಕಿ ಸತ್ತ ನಾರಣಪ್ಪ ಪಿ. ಲಂಕೇಶ್. ಸೆನ್ಸಾರಿನವರು ಮೊದಲು ತಡೆದರು, ಆಮೇಲೆ ಬಿಟ್ಟರು. 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು, ಕನ್ನಡಕ್ಕೆ ಆ ಪ್ರಶಸ್ತಿ ಅದೇ ಮೊದಲು.

ಆ ಕಥೆಯನ್ನು ಸೀರಿಯಲ್ಲಿನ ಪಕ್ಕ ಇಟ್ಟು ನೋಡಿ. ಅಗ್ರಹಾರ ಎಂದರೆ ಗೋಡೆಗೆ ಗೋಡೆ. ನಾರಣಪ್ಪ ಮಾಂಸ ತಿಂದದ್ದು, ಚಂದ್ರಿಯನ್ನು ಇಟ್ಟುಕೊಂಡದ್ದು ಯಾರಿಗೂ ಗುಟ್ಟಲ್ಲ. ಬೀದಿಗೆಲ್ಲ ಗೊತ್ತು. ಹೆಣ ಎತ್ತುವವರಿಲ್ಲದೆ ಬಿದ್ದಿರುವಾಗ ಅಕ್ಕಪಕ್ಕದವರ ಲೆಕ್ಕಾಚಾರವೇ ಬೇರೆ: ಚಂದ್ರಿ ಬಿಚ್ಚಿಕೊಟ್ಟ ಬಂಗಾರ ಯಾರ ಪಾಲಿಗೆ? ಗುಟ್ಟು ಇರುವುದು ಎಲ್ಲರೂ ಕೈಮುಗಿಯುವ ಆಚಾರ್ಯರಲ್ಲಿ, ಅದೂ ಒಂದು ರಾತ್ರಿಯ ನಂತರ. ಅದನ್ನು ಹೊತ್ತುಕೊಂಡು ಅವರಿಗೆ ಊರಲ್ಲಿ ನಿಲ್ಲಲಾಗುವುದಿಲ್ಲ, ಎದ್ದು ನಡೆದುಬಿಡುತ್ತಾರೆ. ಶಕುಂತಲಾ, ಚಂದ್ರಿಕಾ ಯಾರಿಗಾದರೂ ಗುಟ್ಟಿನಿಂದ ಒಂದು ರಾತ್ರಿ ನಿದ್ದೆ ಕೆಟ್ಟದ್ದುಂಟಾ? ಮರುದಿನ ಹೊಸ ಸೀರೆ ಉಟ್ಟು ತಿಂಡಿಗೆ ಹಾಜರು. ನನಗೆ ಸೀರಿಯಲ್ಲುಗಳ ಮೇಲಿರುವ ದೊಡ್ಡ ಸಿಟ್ಟು ಇದು. ಗುಟ್ಟು ಇಟ್ಟುಕೊಳ್ಳುವ ಖರ್ಚು ಅವರಿಗೆ ಗೊತ್ತಿಲ್ಲ.

ಅವರಿಗೆ ಗೊತ್ತಿಲ್ಲದ ಇನ್ನೊಂದು ಆಸ್ತಿಯ ವಿಷಯ. ಸೀರಿಯಲ್ಲಿನಲ್ಲಿ ಮಲತಾಯಿ ಒಂದು ಕಾಗದ ಮುಂದಿಟ್ಟು "ಇಲ್ಲೊಂದು ಸೈನ್ ಹಾಕು ಕಂದಾ" ಎನ್ನುತ್ತಾಳೆ, ಕಂದ ಓದದೆ ಹಾಕುತ್ತಾನೆ, ಮಾರನೇ ದಿನ ಎಲ್ಲ ಅವಳದು. ಇದು ಬಂದಾಗ ನಮ್ಮ ಜಗಲಿಯಲ್ಲಿ ನಗು ತಡೆಯಲಾಗುವುದಿಲ್ಲ. ಅಜ್ಜನ ಹೆಸರಿನಲ್ಲಿರುವ ಪಹಣಿ ಅಪ್ಪನ ಹೆಸರಿಗೆ ಬರುವಷ್ಟರಲ್ಲಿ ಮೊಮ್ಮಗನ ತಲೆ ಬೆಳ್ಳಗಾಗಿರುತ್ತದೆ. ವಂಶವೃಕ್ಷ ಬೇಕು, ಪೋಡಿ ಆಗಬೇಕು, ಸರ್ವೆಯವರು ಬರಬೇಕು, ಮಳೆ ನಿಲ್ಲಬೇಕು. "ಆ ಶಕುಂತಲಾನ ಒಂದು ಸಲ ನಮ್ಮ ಕಡೆ ಕಳಿಸ್ಲಿ. ಒಂದೇ ಒಂದು ಖಾತೆ ಬದಲಾವಣೆ ಮಾಡಿಸ್ಕೊಂಡು ಬರ್ಲಿ ನೋಡೋಣ. ಕೆಟ್ಟ ಬುದ್ಧಿಯೆಲ್ಲ ತನ್ನಷ್ಟಕ್ಕೆ ಬಿಟ್ಟುಹೋಗ್ತದೆ" ಎನ್ನುತ್ತಾರೆ ಅಕ್ಕ.

ನಗು ಸರಿ. ಆದರೆ ಸಹಿಯ ಗುಟ್ಟು ನಮ್ಮಲ್ಲೂ ಇದೆ, ವಿಲನ್ ಇಲ್ಲದೆಯೇ ನಡೆಯುತ್ತದೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು, ಮೊದಲೇ ಮದುವೆಯಾದವರನ್ನು ಹೊರಗಿಟ್ಟು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ಅಪ್ಪ ಬದುಕಿದ್ದನೋ ಇಲ್ಲವೋ ನೋಡಬೇಕಿಲ್ಲ ಎಂದಿತು. ಕಾನೂನು ಅಷ್ಟು ನಡೆದಿದೆ. ಮನೆಯಲ್ಲಿ ನಡೆಯುವುದು ಏನು? ಅಕ್ಕತಂಗಿಯರನ್ನು ಹಬ್ಬಕ್ಕೆ ಕರೆಯುತ್ತಾರೆ, ಸೀರೆ ಕೊಡುತ್ತಾರೆ, ಮರುದಿನ ಜೀಪಿನಲ್ಲಿ ಪೇಟೆಗೆ ಕರೆದುಕೊಂಡು ಹೋಗಿ ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಮಾಡಿಸುತ್ತಾರೆ. ಬರುವಾಗ ಹೋಟೆಲಿನಲ್ಲಿ ಮಸಾಲೆದೋಸೆ. ಯಾರೂ ಗದರುವುದಿಲ್ಲ, ಹಿಂದಿನಿಂದ ಸಂಗೀತ ಬರುವುದಿಲ್ಲ. ಸಹಿ ಮಾಡದವಳಿಗೆ ಮುಂದಿನ ಹಬ್ಬಕ್ಕೆ ಕರೆ ಬರುವುದಿಲ್ಲ, ಅಷ್ಟೆ. "ಅವ್ಳು ಯಾಕೆ ಬಂದಿಲ್ಲ?" ಎಂದು ಕೇಳಿದರೆ "ಮಕ್ಕಳಿಗೆ ಪರೀಕ್ಷೆ ಅಂತೆ" ಎಂಬ ಉತ್ತರ. ದೀಪಾವಳಿಗೆ ಯಾವ ಪರೀಕ್ಷೆ ಎಂದು ಬೇಲಿಯಾಚೆಯವರು ಕೇಳುವುದಿಲ್ಲ.

ಕೇಳುವುದಿಲ್ಲ, ಆದರೆ ಗೊತ್ತು. ಸೀರಿಯಲ್ಲಿನಲ್ಲಿ ಮನೆಯ ಗುಟ್ಟು ನೋಡುವವರಿಗೆ ಮಾತ್ರ ಗೊತ್ತಿರುತ್ತದೆ. ಇಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ಎಲ್ಲರಿಗೂ ಗೊತ್ತೆಂಬುದು ಮನೆಯವರಿಗೂ ಗೊತ್ತಿರುತ್ತದೆ. ಆಡದೆ ಇರುವುದೇ ಮರ್ಯಾದೆ. ಈ ಮರ್ಯಾದೆಯನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಅಡಿಕೆಗೆ ಹಳದಿ ಎಲೆ ರೋಗ ಬಂದ ಮನೆಗಳನ್ನೇ ನೋಡಿ. ಕೇರಳದಲ್ಲಿ 1914ರಷ್ಟು ಹಿಂದೆಯೇ ಕಂಡ ರೋಗ. ಶೃಂಗೇರಿ, ಕೊಪ್ಪ, ಎನ್.ಆರ್.ಪುರ ಮೂರರಲ್ಲೂ ತೋಟ ತೋಟಗಳನ್ನೇ ನುಂಗಿದೆ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುತ್ತದಂತೆ, ಗುಣ ಮಾಡುವ ಔಷಧಿ ಇಲ್ಲ. ಅದರ ಮೇಲೆ ಈಚೆಗೆ ಎಲೆಚುಕ್ಕಿ. ಕೊಳೆರೋಗವಾದರೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಯಬಹುದು, ಹಳದಿ ಎಲೆಗೆ ಎಂತ ಹೊಡೆಯುವುದು? ಮರ ಸಾಯುವುದಿಲ್ಲ, ಫಸಲು ಕೊಡುವುದೂ ಇಲ್ಲ, ವರ್ಷದಿಂದ ವರ್ಷಕ್ಕೆ ಹಳದಿಯಾಗಿ ಸೊರಗುತ್ತ ನಿಂತಿರುತ್ತದೆ.

ಅಂಥ ಮನೆಯನ್ನು ರಸ್ತೆಯಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಅದೇ ಹೆಂಚಿನ ಮನೆ, ಅದೇ ಕಾರು, ಶ್ರಾವಣದಲ್ಲಿ ಅದೇ ಪೂಜೆ, ಅದೇ ಊಟ. ಮಂಡಿಗೆ ಹೋಗುವ ಚೀಲದ ಬಾಯಲ್ಲಿ ಒಳ್ಳೇ ಅಡಿಕೆ ಕಾಣುವ ಹಾಗೆ ಇಟ್ಟಿರುತ್ತಾರೆ. ಒಳಗೆ ಕೈ ಹಾಕುವುದು ಮಾರ್ಚ್ ತಿಂಗಳು. ಬಡ್ಡಿಯಿಲ್ಲದ ಬೆಳೆಸಾಲ ಉಳಿಯಬೇಕಾದರೆ ಗಡುವಿನೊಳಗೆ ಕಟ್ಟಬೇಕು. ಆಗ ದೊಡ್ಡಮನೆ ಯಜಮಾನರು ಸಂಜೆ ಹೊತ್ತಿಗೆ ಟಾರ್ಚು ಹಿಡಿದು ಗುಡ್ಡ ಹತ್ತಿ ಬರುತ್ತಾರೆ, ಕಾಫಿ ಕುಡಿಯುತ್ತಾರೆ, ಮಳೆ ಬಗ್ಗೆ ಮಾತಾಡುತ್ತಾರೆ, ಏಳುವಾಗ ಮೆಲ್ಲಗೆ ಕೈಸಾಲ ಕೇಳುತ್ತಾರೆ. ನಾಲ್ಕು ದಿನದಲ್ಲಿ ಸಾಲ ಹೊಸತಾಗುತ್ತದೆ, ಕೈಸಾಲ ತಿರುಗಿ ಬರುತ್ತದೆ. ಕೊಟ್ಟವರೂ ಮುಂದಿನ ವಾರ ಇನ್ನೊಂದು ಗುಡ್ಡ ಹತ್ತಬೇಕಾದವರೇ. ಒಬ್ಬರೂ ಬಾಯಿ ಬಿಡುವುದಿಲ್ಲ. ಮಗಳ ಮದುವೆ ಗೊತ್ತಾಗುವವರೆಗೆ ತೋಟ ಹಸಿರೆಂದೇ ಊರು ಹೇಳುತ್ತದೆ. ಗಂಡಿನ ಕಡೆಯವರು ಬಂದು ವಿಚಾರಿಸಿದರೆ "ಒಳ್ಳೇ ಮನೆ" ಎಂದು ಮೂರು ಊರಿನವರು ಒಂದೇ ದನಿಯಲ್ಲಿ ಹೇಳುತ್ತಾರೆ. ಸುಳ್ಳೂ ಅಲ್ಲ. ಅದು ಒಳ್ಳೇ ಮನೆಯೇ.

ಈ ಮೌನ ಎಲ್ಲ ಕಡೆಯೂ ಇಷ್ಟು ಚೆಂದವಲ್ಲ ಎಂಬುದೂ ನಮಗೆ ಗೊತ್ತು.

ಒಂದು ಮನೆಯ ಮಾತು ಹೇಳುತ್ತೇನೆ, ಎಲ್ಲಿಯದೆಂದು ಕೇಳಬೇಡಿ. ಹೆಸರು ಪಡೆದ ಮನೆ. ಗಂಡನಿಗೆ ಹೊರಗೆ ನಾಲ್ಕು ಜನ ಎದ್ದು ನಿಂತು ಜಾಗ ಕೊಡುತ್ತಾರೆ. ಆ ಮನೆಯ ಹೆಂಗಸಿನ ಕೈಗೆ ಒಂದು ಸಲ ಪಟ್ಟಿ, ಒಂದು ಸಲ ಹುಬ್ಬಿನ ಮೇಲೆ ಹೊಲಿಗೆ. ಕೇಳಿದರೆ "ಅಂಗಳದ ಪಾಚಿ ಜಾರ್ತು." ಮಳೆಗಾಲದಲ್ಲಿ ನಮ್ಮ ಕಡೆ ಪಾಚಿಗೆ ಜಾರದವರಿಲ್ಲ. ಅದಕ್ಕೇ ಅಂಗಳಕ್ಕೆ ಅಡಿಕೆ ದಬ್ಬೆ ಹಾಸುತ್ತೇವೆ. ಹಾಗಾಗಿ ಮಾತು ನಂಬುವಂಥದ್ದೇ. ಆದರೆ ಅಕ್ಕ ಒಂದು ದಿನ ಬೇಲಿಯ ಹತ್ತಿರ ದನಿ ತಗ್ಗಿಸಿ ಹೇಳಿದರು: "ಅಲ್ಲ, ಶಿವರಾತ್ರಿಲೂ ಜಾರಿದಾಳಲ್ಲೇ. ಶಿವರಾತ್ರಿಲಿ ಎಲ್ಲಿ ಪಾಚಿ?"

ಅದಾದ ಮೇಲೆ ಅಕ್ಕ ಒಂದು ಹೊಸ ಚಾಳಿ ಹಿಡಿದರು. ರಾತ್ರಿ ಎಂಟರ ಹೊತ್ತಿಗೆ, ಸೀರಿಯಲ್ಲು ಬಿಸಿಯಾಗಿರುವ ಹೊತ್ತಿಗೆ, ಆ ಕಡೆಯಿಂದ ಜೋರು ದನಿ ಕೇಳಿತೆಂದರೆ ಒಂದು ಬಟ್ಟಲು, ಒಂದು ಟಾರ್ಚು ಹಿಡಿದು ಹೊರಡುವುದು. ಉಣುಗೋಲು ಸರಿಸಿ, ಅಂಗಳದಿಂದಲೇ ಕೂಗುವುದು: "ಸ್ವಲ್ಪ ಹೆಪ್ಪು ಇದ್ರೆ ಕೊಡೇ, ನಮ್ಮನೇದು ಹುಳಿ ಬಂದ್ಬಿಟ್ಟಿದೆ." ಮೇಲಿನಮನೆ ಕೊಟ್ಟಿಗೆಯಲ್ಲಿ ಕರೆಯುವ ಹಸು ನಾಲ್ಕಿವೆ. ಮಜ್ಜಿಗೆಯನ್ನು ಅವರು ಊರಿಗೇ ಹಂಚುತ್ತಾರೆ. ಅವರ ಮನೆಗೆ ಹೆಪ್ಪಿಲ್ಲ ಎಂದರೆ ತುಂಗೆಯಲ್ಲಿ ನೀರಿಲ್ಲ ಎಂದ ಹಾಗೆ. ಕೇಳುವವರಿಗೂ ಗೊತ್ತು, ಕೊಡುವವಳಿಗೂ ಗೊತ್ತು, ಒಳಗೆ ಕೈ ಎತ್ತಿ ನಿಂತವನಿಗೂ ಗೊತ್ತು. ಆದರೆ ಹೆಪ್ಪು ಕೇಳಲು ಬಂದ ಹಿರಿಯ ಹೆಂಗಸಿಗೆ "ಬರಬೇಡಿ" ಎನ್ನುವ ಗಂಡಸು ಮಲೆನಾಡಿನಲ್ಲಿ ಇನ್ನೂ ಹುಟ್ಟಿಲ್ಲ. ಅವನು ಕೆಮ್ಮಿ, "ಬನ್ನಿ ಅಕ್ಕ, ಕೂತ್ಕೊಳ್ಳಿ" ಎನ್ನಬೇಕು.

ಅಕ್ಕ ಕೂರುತ್ತಿದ್ದರು. ಅರ್ಧ ಗಂಟೆ ಜಗಲಿಯಲ್ಲಿ ಕೂತು ಆ ದಿನದ ಸೀರಿಯಲ್ ಕಥೆ ಹೇಳುತ್ತಿದ್ದರು, ಒಳಗಿನವರಿಗೂ ಕೇಳುವಷ್ಟು ಜೋರಾಗಿ. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. "ಇವತ್ತು ಎಂತ ಆಯ್ತು ಗೊತ್ತಾ? ಆ ಯಜಮಾನ ಇದಾನಲ್ಲ, ಹೊರಗೆ ಭಾರಿ ದೊಡ್ಡ ಮನುಷ್ಯ. ಒಳಗೆ ಹೆಂಡ್ತಿಗೆ ಹೊಡೀತಾನೆ. ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದಾನೆ. ಇಡೀ ಊರಿಗೆ ಗೊತ್ತಂತೆ! ಇವತ್ತಿನ ಕಂತಿನಲ್ಲಿ ಅವಳ ಅಣ್ಣಂದಿರು ಕಾರು ಮಾಡ್ಕೊಂಡು ಹೊರಟಿದಾರೆ. ನಾಳೆ ಬಂದು ಇಳೀತಾರೆ ನೋಡು."

ಆ ರಾತ್ರಿ ಯಾವ ಚಾನೆಲಿನಲ್ಲೂ ಅಂಥ ಕಂತು ಬಂದಿರಲಿಲ್ಲ. ಯಾವ ಸೀರಿಯಲ್ಲಿನಲ್ಲೂ ಅಂಥ ಯಜಮಾನ ಇರಲಿಲ್ಲ. ಪೂರ್ತಿ ಅಕ್ಕನದೇ ರಚನೆ. ಜಗಲಿಯ ಆ ತುದಿಯಲ್ಲಿ ಕವಳ ಹಾಕುತ್ತಿದ್ದ ಯಜಮಾನರು ಸುಣ್ಣದ ಡಬ್ಬಿ ಮುಚ್ಚಿ ಎದ್ದು ಒಳಗೆ ಹೋದರು. ಅವರು ಸೀರಿಯಲ್ ನೋಡುವವರಲ್ಲ, ಹಾಗಾಗಿ ಕಂತು ಬಂದಿತ್ತೋ ಇಲ್ಲವೋ ಪರೀಕ್ಷೆ ಮಾಡುವ ದಾರಿ ಅವರಿಗಿರಲಿಲ್ಲ.

ಅಂದಿನಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ನಾನೂ ಸೀರಿಯಲ್ಲಿನವರ ಸಾಲಿಗೆ ಸೇರಿದೆ. ಸರಿಹೋಗಿಲ್ಲ. ಜೋರು ದನಿ ಕಡಿಮೆಯಾಗಿದೆ, ಶಿವರಾತ್ರಿಯಲ್ಲಿ ಜಾರುವುದು ನಿಂತಿದೆ. ಆಶಾ ಕಾರ್ಯಕರ್ತೆ ಒಂದು ದಿನ ಬಂದು 181 ಎಂಬ ಮಹಿಳಾ ಸಹಾಯವಾಣಿಯ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದು ಹೋಗಿದ್ದಾಳೆ. ಅಕ್ಕನ ಬಟ್ಟಲು ಈಗಲೂ ಹೋಗಿ ಬರುತ್ತದೆ. ಅದಕ್ಕಾಗಿ ಅವರು ಕಳೆದುಕೊಂಡ ಕಂತುಗಳಿಗೆ ಲೆಕ್ಕವಿಲ್ಲ, ಬೆಳಿಗ್ಗೆ ನಾನೇ ಹೇಳಬೇಕು.

ಆದ್ದರಿಂದ ಬೆಂಗಳೂರಿನಲ್ಲಿ ಕೂತು ಸೀರಿಯಲ್ ಬರೆಯುವವರಲ್ಲಿ ಒಂದು ಅರ್ಜಿ. ಬಂಗಲೆ ಇರಲಿ, ಎರಡು ಕಡೆಯ ಮೆಟ್ಟಿಲಿರಲಿ, ಆರು ಗಂಟೆಗೆ ಒಡವೆಯೂ ಇರಲಿ, ನಮಗೂ ನೋಡಲು ಚೆಂದ. ಒಂದೇ ಒಂದು ಪಕ್ಕದ ಮನೆ ಕಟ್ಟಿಸಿ. ದೊಡ್ಡದು ಬೇಡ, ಹೆಂಚಿನದಾದರೂ ಸಾಕು. ಅದರಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸನ್ನು ಇಡಿ. ಕಥೆ ಆರು ವರ್ಷ ಎಳೆಯಲಾಗುವುದಿಲ್ಲ ಎಂಬುದು ನಿಜ, ಆರು ವಾರಕ್ಕೆ ಮುಗಿದೀತು. ಟಿ.ಆರ್.ಪಿ. ಬಿದ್ದರೆ ನನ್ನನ್ನು ಬೈಯಬೇಡಿ. ಪಾತ್ರಕ್ಕೆ ತಕ್ಕವರು ಸಿಕ್ಕದಿದ್ದರೆ ಕೊಪ್ಪದ ಬಸ್ಸು ಹತ್ತಿ ಬನ್ನಿ, ಮಳೆಗಾಲವಾದರೆ ಕೊಡೆ ತರಲು ಮರೆಯಬೇಡಿ.